ಸೊಸೆವೂರಿನಲ್ಲಿ ಒಂದು ಹಗಲು

ಪ್ರವಾಸ ಹೊರಟವನಿಗೆ ಗಡಿಯಾರದಂಥ ಶತ್ರು ಇನ್ನೊಂದಿಲ್ಲ. ಬೇಲೂರಿಗೆ ಒಂದು ಗಂಟೆ, ಹಳೇಬೀಡಿಗೆ ಮುಕ್ಕಾಲು ಗಂಟೆ, ಊಟಕ್ಕೆ ಅರ್ಧ ಗಂಟೆ ಎಂದು ಚೀಟಿ ಬರೆದುಕೊಂಡು ಹೊರಟವರು ಶಿಲಾಬಾಲಿಕೆಯರ ಮುಖಕ್ಕಿಂತ ತಮ್ಮ ಮುಂಗೈಯನ್ನೇ ಹೆಚ್ಚು ಸಲ ನೋಡುತ್ತಾರೆ. ಆತುರವಿಲ್ಲದೆ ನೋಡಬಹುದಾದ ರಾಜಧಾನಿಯೊಂದು ನಮ್ಮ ಮಲೆನಾಡಿನಲ್ಲಿದೆ. ಅಲ್ಲಿ ಅರಮನೆಯಿಲ್ಲ, ಕೋಟೆಕೊತ್ತಲಗಳ ವೈಭವವಿಲ್ಲ. ಆದ್ದರಿಂದ ಅವಸರವೂ ಇಲ್ಲ. ಮೂಡಿಗೆರೆ ತಾಲ್ಲೂಕಿನ ಅಂಗಡಿ ಎಂಬ ಹಳ್ಳಿ ಅದು.

ಈ ಊರಿಗೆ ಮೂರು ಹೆಸರು. ಹಳೆಯ ಶಾಸನಗಳು ಸೊಸೆವೂರು ಎನ್ನುತ್ತವೆ. ಸಂಸ್ಕೃತಕ್ಕೆ ಒಲಿದ ಪಂಡಿತರು ಅದನ್ನು ಶಶಕಪುರವೆಂದು ಕರೆದರು. ಜನ ಮಾತ್ರ ಅಂಗಡಿ ಎಂದರು. ರಾಜರ ಬಾಯಲ್ಲಿದ್ದುದು ಹೋಯಿತು, ಪಂಡಿತರದು ಗ್ರಂಥ ಸೇರಿತು. ಜನರ ಮಾತು ಉಳಿಯಿತು.

ಹೋಗುವ ದಾರಿಯೆಲ್ಲ ಕಾಫಿ ತೋಟ. ಹೂ ಬಿಟ್ಟ ಕಾಲದಲ್ಲಿ ಹೋದವನಿಗೆ ನಡಿಗೆ ತಾನಾಗಿಯೇ ನಿಧಾನವಾಗುತ್ತದೆ. ಈ ಗಿಡವನ್ನು ಹೊಯ್ಸಳರು ಕಂಡವರಲ್ಲ. ಬಾಬಾ ಬುಡನರು ಏಳು ಬೀಜ ತಂದರೆಂಬ ಐತಿಹ್ಯವೇ ಹದಿನೇಳನೆಯ ಶತಮಾನದ್ದು. ಮರಕ್ಕೆ ತಬ್ಬಿದ ಮೆಣಸಿನ ಬಳ್ಳಿಗೆ ಮಾತ್ರ ಈ ಮಲೆಯೊಡನೆ ಹಳೆಯ ನಂಟು.

ಸೌದೆ ಹೊರೆ ಹೊತ್ತು ಎದುರಾದ ಹಿರಿಯರೊಬ್ಬರನ್ನು ಕೇಳಿದೆ: "ಯಜಮಾನರೇ, ರಾಜರ ಅರಮನೆ ಇದ್ದದ್ದು ಯಾವ ಕಡೆ?"

"ಅರಮನೆ ಯಾರು ಕಂಡಿದಾರೆ ಸ್ವಾಮಿ? ಅಮ್ಮನ ಗುಡಿ ಇದೆ. ಬೇಗ ಹೋಗಿ, ಪೂಜೆ ಸಿಗುತ್ತೆ."

ಆ ಅಮ್ಮನೇ ವಾಸಂತಿಕಾ ದೇವಿ, ಜನರ ವಸಂತಮ್ಮ. ಕಥೆ ಎಲ್ಲರಿಗೂ ಗೊತ್ತಿರುವಂಥದೇ. ದೇವಿಯ ಗುಡಿಯ ಬಳಿ ಸುದತ್ತನೆಂಬ ಜೈನಮುನಿ ಇದ್ದಾಗ ಹುಲಿಯೊಂದು ಮೇಲೆ ಬಂತು. ಮುನಿ ಬಳಿಯಲ್ಲಿದ್ದ ತರುಣನಿಗೆ "ಹೊಯ್ ಸಳ" ಎಂದ, ಅವನು ಹೊಯ್ದ. ಅದರಿಂದ ಒಂದು ವಂಶಕ್ಕೆ ಹೆಸರು ಬಂತು. ದೇವಿ ಯಾರವಳು, ಮುನಿ ಯಾವ ಮತದವನು ಎಂದು ಆ ಕಥೆ ಕೇಳುವುದೇ ಇಲ್ಲ. ಗುಡ್ಡದ ಮೇಲೂ ಹಾಗೆಯೇ: ಕೇಶವ, ಮಲ್ಲಿಕಾರ್ಜುನ, ಪಾತಾಳ ರುದ್ರೇಶ್ವರರ ಗುಡಿಗಳು, ಊರಿನಲ್ಲೇ ಜೈನ ಬಸದಿಗಳು.

ಇತಿಹಾಸಕಾರರು ಈ ಕಥೆಯನ್ನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಸಳನೇ ಕೆತ್ತಿಸಿದ ಶಾಸನ ಒಂದೂ ಸಿಕ್ಕಿಲ್ಲ. ಬಿ. ಎಲ್. ರೈಸರು ಈ ಸೀಮೆಯ ಶಾಸನಗಳನ್ನು 1901ರಲ್ಲಿ 'ಎಪಿಗ್ರಾಫಿಯ ಕರ್ನಾಟಿಕ'ದ ಆರನೆಯ ಸಂಪುಟವಾಗಿ ಹೊರತಂದರು. ಅಂಥ ದಾಖಲೆಗಳಿಂದ ತಿಳಿಯುವುದು ಹನ್ನೊಂದನೆಯ ಶತಮಾನದ ನೃಪಕಾಮ, ವಿನಯಾದಿತ್ಯರಂಥ ಮಲೆಯ ನಾಯಕರ ಸಂಗತಿ. ವಿಷ್ಣುವರ್ಧನ 1117ರಲ್ಲಿ ಬೇಲೂರಿನ ದೇವರನ್ನು ಪ್ರತಿಷ್ಠಿಸುವ ಹೊತ್ತಿಗೆ ವಂಶ ಬೆಳೆದಿತ್ತು. ಬೆಳೆದ ಮನೆತನಕ್ಕೆ ಮೂಲಪುರುಷ ಬೇಕಾಗುತ್ತಾನೆ. ಇರಲಿ. ಆದರೆ ದೊಡ್ಡ ದೊರೆಗಳಾದ ಮೇಲೂ ಅವರು 'ಮಲೆಪರೊಳ್ ಗಂಡ' ಎಂಬ ಬಿರುದನ್ನು ಬಿಡಲಿಲ್ಲ. ಕಾಡಿನ ಅಂಚಿನಲ್ಲಿ ಹುಲಿಯೊಡನೆ ಹೆಣಗಿದ ಹುಡುಗನನ್ನೇ ಲಾಂಛನ ಮಾಡಿಕೊಂಡರು. ಬಡತನದ ಹುಟ್ಟನ್ನು ಮುಚ್ಚಿಡುವ ಶ್ರೀಮಂತರೇ ಹೆಚ್ಚಿರುವ ಲೋಕದಲ್ಲಿ ಇದು ಸಣ್ಣ ಗುಣವಲ್ಲ.

ಆ 'ಹೊಯ್' ಎಂಬ ಮಾತಾದರೂ ಎಲ್ಲಿ ಹೋಯಿತು? ಹುಲಿಯನ್ನು ಹೊಯ್ಯುವ ಕೆಲಸ ಈಗ ಯಾರಿಗೂ ಇಲ್ಲ. 1998ರಿಂದ ಇದೇ ಜಿಲ್ಲೆಯ ಭದ್ರಾ ಕಾಡಿನಲ್ಲಿ ಹುಲಿಯನ್ನು ಕಾಯುವ ಯೋಜನೆ ನಡೆದಿದೆ. ಮಾತು ಮಾತ್ರ ಅಡಿಗೆಮನೆ ಸೇರಿ ಬದುಕಿದೆ. ಕಾವಲಿಯ ಮೇಲೆ ದೋಸೆ ಹೊಯ್ಯುತ್ತೇವೆ. ಆಷಾಢದಲ್ಲಿ ಮಳೆ ಹೊಯ್ಯುತ್ತದೆ. ಸಾಮ್ರಾಜ್ಯ ಕಟ್ಟಿದ ಪದ ನಮ್ಮ ಬೆಳಗಿನ ತಿಂಡಿಗೆ ದುಡಿಯುತ್ತಿದೆ!

ದೇವಿಗೆ ಕೈಮುಗಿದು ಗುಡ್ಡ ಹತ್ತಿ ಕುಳಿತೆ. ಹೇಮಾವತಿ ಇದೇ ತಾಲ್ಲೂಕಿನ ಜಾವಳಿಯ ಬಳಿ ಹುಟ್ಟುತ್ತದೆ. ಗೊರೂರಿನ ಅಣೆಕಟ್ಟಿನ ಮುಂದೆ ನಿಂತು ಬೆರಗಾಗುವವರು ನೂರಾರು ಮಂದಿ. ಜಾವಳಿಗೆ ಹೋಗುವವರು ಬೆರಳೆಣಿಕೆ. ಬೇಲೂರಿಗೂ ಅಂಗಡಿಗೂ ಇರುವ ವ್ಯತ್ಯಾಸ ಇಷ್ಟೆ. ತುಂಬಿದ ಹೊಳೆಯನ್ನು ಹೊಗಳಲು ಯಾರಾದರೂ ಇದ್ದೇ ಇರುತ್ತಾರೆ. ಊಟೆಯಲ್ಲಿ ಹೂಳು ತುಂಬದಂತೆ ನೋಡಿಕೊಳ್ಳುವವರು ಬೇಕು. ಆ ಗುಡಿಯಲ್ಲಿ ದಿನವೂ ದೀಪ ಹಚ್ಚುವವರು, ಹೊತ್ತು ಮೀರುತ್ತದೆಂದು ದಾರಿಹೋಕನನ್ನು ಪೂಜೆಗೆ ಕಳಿಸುವವರು ಹೆಸರಿಲ್ಲದೆ ಆ ಕೆಲಸ ಮಾಡುತ್ತಿದ್ದಾರೆ. ಗುಡ್ಡದ ಮೇಲಿನ ಕಲ್ಲುಗಳಿಗೂ ಅಂಥದೇ ಅಕ್ಕರೆ ಒದಗಿದರೆ ಸೊಸೆವೂರು ಇನ್ನೊಂದು ಸಾವಿರ ವರ್ಷ ಬಾಳೀತು.