ಓಟಕ್ಕುಂಟು, ಲೆಕ್ಕಕ್ಕಿಲ್ಲ

ರಷ್ಯಾದ ವ್ಯಾಪಾರಿ ಅಫನಾಸಿ ನಿಕಿಟಿನ್ ಬಹಮನಿ ಕಾಲದಲ್ಲಿ ನಮ್ಮ ಸೀಮೆಗೆ ಬಂದದ್ದು ಒಂದು ಕುದುರೆ ಹಿಡಿದುಕೊಂಡು. ಜುನ್ನರಿನ ಖಾನ ಅದನ್ನು ಕಸಿದುಕೊಂಡ. ಖುರಾಸಾನದವನೊಬ್ಬನ ಶಿಫಾರಸಿನಿಂದ ಬಿಡಿಸಿಕೊಂಡು ಬೀದರಿನಲ್ಲಿ ಮಾರುವಷ್ಟರಲ್ಲಿ ಅದರ ಮೇವಿಗೇ ಗಂಟು ಕರಗಿತ್ತು. ಇಲ್ಲಿ ಕುದುರೆಗೆ ಕಡಲೆ ಹಾಕುತ್ತಾರೆ, ಸಕ್ಕರೆ ಬೆರೆಸಿ ಕಿಚಡಿ ಬೇಯಿಸುತ್ತಾರೆ ಎಂದು ಬರೆದಿಟ್ಟ. (ತೊಗರಿ ಬೆಳೆಯುವ ಸೇಡಮ್, ಚಿಂಚೋಳಿಯ ನಮಗೂ ಆ ಭಾಗ್ಯವಿಲ್ಲ.) ಶೇಖ ಅಲಾವುದ್ದೀನರ ಜಾತ್ರೆಗೆ ಇಪ್ಪತ್ತು ಸಾವಿರ ಕುದುರೆ ಬರುತ್ತವೆ ಎಂದೂ ಬರೆದ, ಆ ಜಾಗವನ್ನು ನಮ್ಮ ಆಳಂದವೆಂದು ವಿದ್ವಾಂಸರು ಗುರುತಿಸುತ್ತಾರೆ. ಇಷ್ಟೆಲ್ಲ ಕಂಡವನು, ಈ ನಾಡಿನಲ್ಲಿ ಕುದುರೆ ಹುಟ್ಟುವುದೇ ಇಲ್ಲ ಎಂದುಬಿಟ್ಟ!

ಹಡಗಿನಲ್ಲಿ ಬಂದ ಅರಬಿ ಕುದುರೆಗಳ ಮೇಲೆ ಕಣ್ಣಿಟ್ಟವನಿಗೆ ತಟ್ಟು ಹೇಗೆ ಕಂಡೀತು? ನಾನು ಬೆಳೆದದ್ದು ತಟ್ಟಿನ ಟಾಂಗಾದಲ್ಲಿ. ಶಹಾಬಾದ ಸ್ಟೇಷನ್ನಿನ ಹೊರಗೆ ನಿಂತಿರುತ್ತಿದ್ದ ಆ ಕಂದು ಪ್ರಾಣಿ ಟಾಂಗಾ ಚಾಚಾನ ಎದೆಮಟ್ಟಕ್ಕಿತ್ತು. ಹಿಂದಿನ ಸೀಟಿಗೆ ಭಾರ ಬಿದ್ದರೆ ಮೂಕಿ ಮೇಲೆದ್ದು, ಹೊಟ್ಟೆಯ ಪಟ್ಟಿ ಬಿಗಿದು, ಮುಂಗಾಲು ತೇಲಿದಂತಾಗುತ್ತಿತ್ತು. "ಅಕ್ಕಾರ, ಹಿಂದ ಭಾರ ಆಗ್ಯದ, ಜರಾ ಒಳಗ ಸರೀರಿ. ಏ ಹುಡುಗಾ, ನೀ ಮುಂದ ಬಾ" ಎಂದು ಚಾಚಾ ನಮ್ಮನ್ನು ತಕ್ಕಡಿಯ ಬೊಟ್ಟಿನಂತೆ ಅತ್ತಿತ್ತ ಸರಿಸುತ್ತಿದ್ದ. ಮೂಕಿ ಸಮವಾದದ್ದು ಅವನಿಗಿಂತ ಮೊದಲು ಕುದುರೆಗೆ ತಿಳಿಯುತ್ತಿತ್ತು. ಹೇಳಿಸಿಕೊಳ್ಳದೆ ಹೆಜ್ಜೆ ಕೀಳುತ್ತಿತ್ತು. ಎರಡೂ ಕಡೆ ಪರಸಿ ಕಲ್ಲಿನ ರಾಶಿ, ಮೇಲೆ ಏಪ್ರಿಲ್ ಬಿಸಿಲು. ಅದಕ್ಕೆ ಸಿಗುತ್ತಿದ್ದದ್ದು ಹಸಿರು ಹುಲ್ಲು, ಹಬ್ಬಕ್ಕೊಂದು ಬೊಗಸೆ ಕಡಲೆ. ಕಿಚಡಿಯಂತೂ ಇಲ್ಲ.

ಇಂಥ ತಟ್ಟುಗಳ ಕುಲಕ್ಕೆ ದಖನಿ ಅಥವಾ ಭೀಮಥಡಿ ಎಂಬ ಹೆಸರಿದೆ. ಭೀಮಾ, ನೀರಾ ನದಿಗಳ ಬಯಲಿನ ಸ್ಥಳೀಯ ಕುದುರೆಗೆ ಅರಬಿ, ತುರ್ಕಿ ರಕ್ತ ಕೂಡಿ ಬಂದ ತಳಿ. ಎತ್ತರ ನಾಲ್ಕಡಿಗೆ ತುಸು ಮೇಲೆ, ಗೊರಸು ಗಟ್ಟಿ, ಹೊಟ್ಟೆ ಸಣ್ಣದು. ಮರಾಠರ ದಂಡು ಮಿಂಚಿನಂತೆ ಬಂದು ಮಾಯವಾಗುತ್ತಿತ್ತು ಎನ್ನುತ್ತಾರಲ್ಲ, ಆ ಕೀರ್ತಿಯಲ್ಲಿ ಅರ್ಧ ಇವಕ್ಕೆ ಸಲ್ಲಬೇಕು. 1818ರಲ್ಲಿ ಪೇಶ್ವೆಗಳ ಆಳ್ವಿಕೆ ಮುಗಿದ ಮೇಲೆ ದಂಡಿನ ಕೆಲಸ ಹೋಯಿತು. ಜಾತಿ ಉಳಿಸಿದವರು ಕುರಿ ಕಾಯುವ ಧನಗರರು.

ಕೊನೆಗೆ 2024ರ ಜನವರಿಯಲ್ಲಿ, ಭೀಮಥಡಿಗೆ ಸ್ವತಂತ್ರ ತಳಿಯೆಂಬ ಮನ್ನಣೆ ಸಿಕ್ಕ ಸುದ್ದಿ ಬಂತು. ದೇಶದ ಎಂಟನೇ ಕುದುರೆ ತಳಿ. ದಾಖಲೆಯಲ್ಲಿ ತವರು ಮಹಾರಾಷ್ಟ್ರ. ಭೀಮೆ ಮಾತ್ರ ಗಡಿ ದಾಟಿ ಬಂದು, ಚಿತ್ತಾಪುರದ ಕಡೆಯಿಂದ ಬರುವ ನಮ್ಮ ಕಾಗಿಣಾವನ್ನು ಹೊನಗುಂಟಿಯಲ್ಲಿ ಕೂಡಿಕೊಂಡೇ ಮುಂದೆ ಹೋಗುತ್ತಾಳೆ. ಕುದುರೆ ಗಡಿಯಲ್ಲೇ ನಿಂತಿತೆಂದು ನಾನಂತೂ ಒಪ್ಪುವುದಿಲ್ಲ.

ಈಚೆಗೆ ಅಕ್ಕಲಕೋಟೆ ರಸ್ತೆಯಲ್ಲಿ ಧನಗರರ ತಂಡವೊಂದು ಸಿಕ್ಕಿತು. ಹೆಣ್ಣುಕುದುರೆಯ ಬೆನ್ನ ಮೇಲೆ ಕಂಬಳಿ, ಪಾತ್ರೆ, ಬುಟ್ಟಿಯಲ್ಲಿ ಕೋಳಿ, ಎಲ್ಲದರ ಮೇಲೆ ಆ ದಿನವೇ ಹುಟ್ಟಿದ ಕುರಿಮರಿ. ನಿಮ್ಮ ಕುದುರೆಗೆ ಸರ್ಕಾರದ ಮುದ್ರೆ ಬಿದ್ದಿದೆ ಎಂದು ಮುದುಕನಿಗೆ ಹೇಳಿದೆ. ಹಗ್ಗ ಬಿಗಿಯುತ್ತಲೇ ಕೇಳಿದ: "ಹಂಗಾದ್ರ ಸಾಹೇಬ್ರ, ಆ ಕಾಗದ ತೋರಿಸಿದ್ರ ಫಾರೆಸ್ಟಿನೋರು ಒಳಗ ಮೇಯಾಕ ಬಿಡ್ತಾರೇನ್ರಿ?"