ಊಟಕ್ಕೆ ಯಾರ ಜೊತೆ ಕೂತೆ?

ಮಕ್ಕಳೇ, ಶಾಲೆಯಲ್ಲಿ ನಿಮ್ಮ ಪಕ್ಕ ಯಾರು ಕೂರುತ್ತಾರೆ ಎಂದು ಕೇಳಿದರೆ ಥಟ್ಟನೆ ಒಂದು ಹೆಸರು ಹೇಳುತ್ತೀರಿ. ಆ ಗೆಳೆಯನನ್ನೋ ಗೆಳತಿಯನ್ನೋ ನೀವೇನೂ ಹುಡುಕಿಕೊಂಡು ಹೋಗಿರುವುದಿಲ್ಲ. ಜೂನ್ ತಿಂಗಳಲ್ಲಿ ಮೇಷ್ಟ್ರು ಎತ್ತರ ನೋಡಿ ಒಂದು ಬೆಂಚಿನಲ್ಲಿ ಕೂರಿಸಿದರು, ಅಷ್ಟೆ. ರಬ್ಬರು, ಜ್ಯಾಮಿಟ್ರಿ ಬಾಕ್ಸು, ಡಬ್ಬಿಯ ಚಿತ್ರಾನ್ನ ಹಂಚಿಕೊಳ್ಳುತ್ತಾ ಮಾರ್ಚ್ ಹೊತ್ತಿಗೆ ಬಿಟ್ಟಿರಲಾಗದ ಜೋಡಿಯಾಗಿರುತ್ತೀರಿ. ಹಾಸನ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ 31 ವರ್ಷ ಗಣಿತ ಕಲಿಸಿದ ನನಗೆ ಶಾಲೆ ಎಂದರೆ ಹೀಗೆಯೇ. ಹೀಗಲ್ಲದ ಶಾಲೆಯೊಂದನ್ನು ನಾನು ಹತ್ತಿರದಿಂದ ಕಂಡದ್ದು ಅಮೆರಿಕದ ನ್ಯೂಜೆರ್ಸಿ ರಾಜ್ಯದಲ್ಲಿ, ಮೊಮ್ಮಗಳ ನೆಪದಿಂದ.

ಅಳಿಯನಿಗೆ ವರ್ಗವಾಗಿ ಮಗಳ ಸಂಸಾರ ಮೈಸೂರಿನಿಂದ ಅಲ್ಲಿಗೆ ಹೋದಾಗ ಮೊಮ್ಮಗಳಿಗೆ 14 ವರ್ಷ. ಇಲ್ಲಿ ಎಂಟನೆಯ ತರಗತಿ ಮುಗಿಸಿದ್ದಳು, ಅಲ್ಲಿ ಒಂಬತ್ತಕ್ಕೆ ಸೇರಬೇಕಿತ್ತು. "ಅಮ್ಮ, ಒಂದಾರು ತಿಂಗಳು ಬಂದು ನಮ್ಮ ಜೊತೆ ಇರು" ಎಂದು ಮಗಳು ಕರೆದಳು. ಸೆಪ್ಟೆಂಬರ್‌ನಲ್ಲಿ ಶಾಲೆ ಶುರುವಾಗುವ ಹೊತ್ತಿಗೆ ನಾನೂ ಅಲ್ಲಿದ್ದೆ. ಊರು ನ್ಯೂಯಾರ್ಕ್ ನಗರದಿಂದ ರೈಲಿನಲ್ಲಿ ಸುಮಾರು ಒಂದು ಗಂಟೆಯ ದೂರ. ಸಾಲು ಮನೆ, ಮನೆ ಮುಂದೆ ಹುಲ್ಲುಹಾಸು. ಹಗಲು ಹೊತ್ತು ರಸ್ತೆಯಲ್ಲಿ ನಡೆದು ಹೋಗುವವರು ಒಬ್ಬರೂ ಕಾಣುವುದಿಲ್ಲ.

ಅಲ್ಲಿಯ ಹೈಸ್ಕೂಲ್ ಎಂದರೆ ಒಂಬತ್ತರಿಂದ ಹನ್ನೆರಡರವರೆಗೆ ನಾಲ್ಕು ವರ್ಷ. ನಮ್ಮ ಪಿಯುಸಿಯೂ ಅದರೊಳಗೇ ಸೇರಿತು. ಆ ನಾಲ್ಕು ವರ್ಷದ ಮಕ್ಕಳಿಗೆ ಫ್ರೆಶ್‌ಮನ್, ಸೊಫೊಮೋರ್, ಜೂನಿಯರ್, ಸೀನಿಯರ್ ಎಂದು ಬೇರೆ ಬೇರೆ ಹೆಸರು. ನಮ್ಮ ಊರುಗಳಲ್ಲಿ 'ಪಬ್ಲಿಕ್ ಸ್ಕೂಲ್' ಎಂಬ ಬೋರ್ಡು ಹಾಕಿಕೊಂಡ ಎಷ್ಟೋ ಶಾಲೆಗಳು ಖಾಸಗಿಯವು, ಶುಲ್ಕ ಕೇಳಿದರೆ ಎದೆ ಒಡೆಯುತ್ತದೆ. ಅಲ್ಲಿ ಪಬ್ಲಿಕ್ ಸ್ಕೂಲ್ ಎಂದರೆ ನಿಜಕ್ಕೂ ಊರಿನ ಶಾಲೆ. ಶುಲ್ಕವಿಲ್ಲ, ಡೊನೇಷನ್ ಇಲ್ಲ, ಪ್ರವೇಶ ಪರೀಕ್ಷೆ ಇಲ್ಲ. ಆ ಊರಿನಲ್ಲಿ ವಾಸವಿದ್ದೀರಿ ಎಂಬುದಕ್ಕೆ ದಾಖಲೆ, ಮಗುವಿನ ವಯಸ್ಸಿನ ದಾಖಲೆ, ಲಸಿಕೆ ಹಾಕಿಸಿದ ಚೀಟಿ, ಇಷ್ಟನ್ನು ಕೊಟ್ಟು ಮಗಳು ಸೇರಿಸಿ ಬಂದಳು. ಖರ್ಚಿನ ದೊಡ್ಡ ಪಾಲು ಊರಿನವರು ಮನೆ, ಜಮೀನಿಗೆ ಕಟ್ಟುವ ತೆರಿಗೆಯಿಂದ ಬರುತ್ತದೆ. ಅದಕ್ಕೇ ದುಬಾರಿ ಮನೆಗಳಿರುವ ಊರಿನ ಶಾಲೆಗೆ ಹಣ ಹೆಚ್ಚು, ಬಡವರ ಊರಿನ ಶಾಲೆಗೆ ಪರದಾಟ. ಈ ಅಂತರ ತುಂಬಲು ರಾಜ್ಯ ಸರ್ಕಾರಗಳು ಹಣ ಕೊಡುತ್ತವೆ. ಆದರೂ ಅದು ಅಲ್ಲಿಯವರು ಇಂದಿಗೂ ಜಗಳವಾಡುವ ವಿಷಯ.

ಬೆಳಿಗ್ಗೆ ಏಳಕ್ಕೆಲ್ಲ ಹಳದಿ ಬಸ್ಸು ಬರುತ್ತಿತ್ತು. ಆ ಹಳದಿಗೂ ಒಂದು ಕಥೆ ಇದೆ. 1939ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಫ್ರಾಂಕ್ ಸೈರ್ ಎಂಬ ಪ್ರಾಧ್ಯಾಪಕರು ಸಭೆ ಕರೆದು, ದೇಶದ ಶಾಲಾ ಬಸ್ಸುಗಳಿಗೆಲ್ಲ ಒಂದೇ ಅಳತೆ, ಒಂದೇ ಬಣ್ಣ ಇರಲಿ ಎಂದು ತೀರ್ಮಾನ ಮಾಡಿಸಿದರು. ಮಬ್ಬು ಬೆಳಕಿನಲ್ಲೂ ಕಣ್ಣಿಗೆ ಹೊಡೆಯುವ ಬಣ್ಣ ಅದು. ಬಸ್ಸು ನಿಂತು ಕೆಂಪು ದೀಪ ಮಿನುಗಿಸಿ, ಪಕ್ಕದಿಂದ 'ಸ್ಟಾಪ್' ಫಲಕವನ್ನು ಕೈಯಂತೆ ಚಾಚಿದರೆ ಹಿಂದಿನಿಂದ ಬರುವ ಕಾರೂ ನಿಲ್ಲಬೇಕು, ಎದುರಿನಿಂದ ಬರುವ ಕಾರೂ ನಿಲ್ಲಬೇಕು. ಒಂದು ಮಗು ರಸ್ತೆ ದಾಟುವುದಕ್ಕಾಗಿ ಇಷ್ಟೊಂದು ಜನ ಕಾಯುತ್ತಾರಲ್ಲ ಎಂದು ನನಗೆ ದಿನವೂ ಸಂತೋಷವಾಗುತ್ತಿತ್ತು.

ಶಾಲೆಯೊಳಗಿನ ಲೆಕ್ಕವೇ ಬೇರೆ. ನಮ್ಮಲ್ಲಿ ಮಕ್ಕಳು ಕೂತಿರುತ್ತಾರೆ, ಮೇಷ್ಟ್ರು ಬಂದು ಹೋಗುತ್ತಾರೆ. ಅಲ್ಲಿ ಮೇಷ್ಟ್ರಿಗೆ ಕೋಣೆ, ಮಕ್ಕಳಿಗೆ ನಡಿಗೆ. 'ಒಂಬತ್ತನೆಯ ಎ ಸೆಕ್ಷನ್' ಎನ್ನುವುದೇ ಇಲ್ಲ. ಪ್ರತಿ ಮಗುವಿಗೂ ತನ್ನದೇ ವೇಳಾಪಟ್ಟಿ. ಗಣಿತದಲ್ಲಿ ಚುರುಕಾದ ಹುಡುಗಿ ತನಗಿಂತ ದೊಡ್ಡವರ ಜೊತೆ ಕೂತು ಗಣಿತ ಕಲಿಯಬಹುದು. ಒಬ್ಬ ಸ್ಪ್ಯಾನಿಷ್ ತೆಗೆದುಕೊಂಡರೆ ಇನ್ನೊಬ್ಬ ಫ್ರೆಂಚ್. ಮರಗೆಲಸ, ಅಡುಗೆ, ಚಿತ್ರಕಲೆಯಂಥ ಪಾಠಗಳೂ ಉಂಟು. ಗಂಟೆ ಹೊಡೆದರೆ ನಾಲ್ಕೇ ನಿಮಿಷ. ಅಷ್ಟರಲ್ಲಿ 2,000ದಷ್ಟು ಮಕ್ಕಳು ಮಳೆಗಾಲದ ಹೇಮಾವತಿಯಂತೆ ಓಣಿಗಳಲ್ಲಿ ಹರಿದು, ಬಲಕ್ಕೆ, ಎಡಕ್ಕೆ, ಮತ್ತೆ ಬಲಕ್ಕೆ ತಿರುಗಿಸುವ ನಂಬರಿನ ಬೀಗ ತೆಗೆದು, ಲಾಕರಿನಿಂದ ಪುಸ್ತಕ ಎತ್ತಿಕೊಂಡು ಮುಂದಿನ ಕೋಣೆ ಸೇರಬೇಕು. ಪ್ರತಿ ಪಾಠಕ್ಕೂ ಪಕ್ಕದಲ್ಲಿ ಬೇರೆ ಮುಖ. ಇಷ್ಟವಾದದ್ದನ್ನು ಓದುವ ಸ್ವಾತಂತ್ರ್ಯ ಅಲ್ಲಿ ದೊಡ್ಡದು. ಆದರೆ ಬೆಂಚಿನ ಗೆಳತಿಯನ್ನು ಶಾಲೆ ಕೊಡುವುದಿಲ್ಲ, ಮಗುವೇ ಹುಡುಕಿಕೊಳ್ಳಬೇಕು.

ಮೊದಲ ವಾರದಲ್ಲೇ ನಾನು ಒಂದು ವಿಷಯ ಗಮನಿಸಿದೆ. ಬೆಳಿಗ್ಗೆ ನಾನು ಹಾಕಿಕೊಟ್ಟ ಚಪಾತಿ, ಪಲ್ಯ ಸಂಜೆ ಹಾಗೆಯೇ ಮನೆಗೆ ಬರುತ್ತಿತ್ತು. "ಹಸಿವಿರಲಿಲ್ಲ ಅಜ್ಜಿ" ಎನ್ನುತ್ತಿದ್ದಳು. ಮನೆಗೆ ಬಂದವಳೇ ನಾಲ್ಕು ದೋಸೆ ತಿನ್ನುವ ಹುಡುಗಿಗೆ ಮಧ್ಯಾಹ್ನ ಹಸಿವಿಲ್ಲ ಎಂದರೆ ನಂಬುವುದು ಹೇಗೆ? ಒಂದು ಸಂಜೆ ಅವಳ ತಲೆ ಬಾಚುತ್ತಾ ಕೇಳಿದೆ.

"ಪುಟ್ಟಿ, ಊಟಕ್ಕೆ ಯಾರ ಜೊತೆ ಕೂತೆ?"

ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಲೈಬ್ರರಿಯಲ್ಲಿ ಕೂತಿದ್ದೆ ಅಜ್ಜಿ. ಅಲ್ಲಿ ತಿನ್ನೋ ಹಾಗಿಲ್ಲ" ಎಂದಳು.

ನಿಧಾನವಾಗಿ ಎಲ್ಲ ಹೇಳಿದಳು. ಊಟದ ಹಾಲ್‌ಗೆ ಕ್ಯಾಫೆಟೇರಿಯಾ ಎನ್ನುತ್ತಾರೆ. ಉದ್ದುದ್ದ ಮೇಜುಗಳು, ನೂರಾರು ಮಕ್ಕಳು. ಅಲ್ಲೇ ಕೊಡುವ ಊಟ ತೆಗೆದುಕೊಳ್ಳುವವರು ಒಂದು ನಂಬರು ಒತ್ತಿ ತಟ್ಟೆ ಹಿಡಿದು ಬರುತ್ತಾರೆ. 1946ರ ಕಾನೂನಿನಿಂದ ಶುರುವಾದ ಸರ್ಕಾರಿ ಊಟದ ಯೋಜನೆ ಅದು. ಬಡ ಮನೆಯ ಮಕ್ಕಳಿಗೆ ಉಚಿತ ಅಥವಾ ರಿಯಾಯಿತಿ. ಎಲ್ಲರೂ ನಂಬರು ಒತ್ತುವುದರಿಂದ ಯಾರದು ಉಚಿತ, ಯಾರದು ದುಡ್ಡಿನದು ಎಂದು ಪಕ್ಕದವರಿಗೂ ಗೊತ್ತಾಗುವುದಿಲ್ಲ. ಈ ಏರ್ಪಾಡು ನನಗೆ ಬಹಳ ಹಿಡಿಸಿತು. ಆದರೆ ತಟ್ಟೆ ಹಿಡಿದು ಎಲ್ಲಿ ಕೂರಬೇಕು ಎಂದು ಯಾವ ಕಾನೂನೂ ಹೇಳುವುದಿಲ್ಲವಲ್ಲ. ಆ ಮಕ್ಕಳಲ್ಲಿ ಹೆಚ್ಚಿನವರು ಶಿಶುವಿಹಾರದಿಂದಲೂ ಜೊತೆಗಿದ್ದವರು. ಪ್ರತಿ ಮೇಜಿಗೂ ಅದರದೇ ಗುಂಪು. ಯಾರೂ ಇವಳನ್ನು ಏಳು ಎನ್ನಲಿಲ್ಲ, ಬಾ ಎಂದೂ ಕರೆಯಲಿಲ್ಲ. "ಎಲ್ಲರೂ ನನ್ನೇ ನೋಡ್ತಾರೆ ಅನ್ಸುತ್ತೆ ಅಜ್ಜಿ. ಆಮೇಲೆ ನೋಡಿದ್ರೆ ಯಾರೂ ನೋಡ್ತಿರಲ್ಲ" ಎಂದಳು. ಆ ಎರಡನೆಯ ಮಾತು ಕೇಳಿ ನನಗೆ ಕರುಳು ಹಿಂಡಿದಂತಾಯಿತು.

ಅಲ್ಲಿಯ ಶಾಲೆಯಲ್ಲಿ ಪ್ರತಿ ಮಗುವಿಗೂ ಒಬ್ಬ ಆಪ್ತ ಸಲಹೆಗಾರರನ್ನು ಗೊತ್ತು ಮಾಡಿರುತ್ತಾರೆ. ವಿಷಯಗಳ ಆಯ್ಕೆ, ಮುಂದಿನ ಕಾಲೇಜು, ಮನಸ್ಸಿನ ಬೇಸರ, ಯಾವುದಕ್ಕಾದರೂ ಅವರ ಬಳಿ ಹೋಗಬಹುದು. ಮಗಳು ಫೋನ್ ಮಾಡಿ ವಿಷಯ ತಿಳಿಸಿದಳು. ಮರುದಿನವೇ ಆಕೆ ಮೊಮ್ಮಗಳನ್ನು ಕರೆದು ಸಂಜೆಯ ಚಟುವಟಿಕೆಗಳ ಪಟ್ಟಿ ಕೊಟ್ಟರು. ಬ್ಯಾಂಡು, ನಾಟಕ, ರೋಬೋಟು, ಚರ್ಚಾಕೂಟ, ಶಾಲೆಯ ವರ್ಷದ ಪುಸ್ತಕ ತಯಾರಿಸುವ ತಂಡ, ಹತ್ತಾರು ಆಟ. ಹಲವು ಆಟಗಳಿಗೆ ಆಯ್ಕೆ ಪರೀಕ್ಷೆ ಉಂಟು, ಚೆನ್ನಾಗಿ ಆಡುವವರಿಗಷ್ಟೇ ಜಾಗ. ಆ ಶಾಲೆಯಲ್ಲಿ ಬಂದವರನ್ನೆಲ್ಲ ಸೇರಿಸಿಕೊಳ್ಳುತ್ತಿದ್ದ ಆಟ ಒಂದಿತ್ತು. ಕ್ರಾಸ್ ಕಂಟ್ರಿ, ಅಂದರೆ ಗುಡ್ಡ, ಹುಲ್ಲು, ಕೆಸರಿನಲ್ಲಿ 5 ಕಿಲೋಮೀಟರ್ ಓಟ. ಜೀವಮಾನದಲ್ಲಿ ಬಸ್ಸು ಹಿಡಿಯುವುದಕ್ಕೆ ಬಿಟ್ಟು ಓಡದ ನಮ್ಮ ಹುಡುಗಿ ಡಾಕ್ಟರ ಸರ್ಟಿಫಿಕೇಟು ತಂದುಕೊಟ್ಟು ಅದಕ್ಕೆ ಸೇರಿದಳು.

ಗಣಿತದ ಟೀಚರಾದ ನನಗೆ ಈ ಆಟದ ಲೆಕ್ಕ ಖುಷಿ ಕೊಟ್ಟಿತು. ಮೊದಲು ಬಂದವರಿಗೆ 1 ಅಂಕ, ಹತ್ತನೆಯವರಿಗೆ 10. ಒಂದು ತಂಡದಿಂದ ಏಳು ಜನ ಓಡಿದರೆ ಮೊದಲ ಐವರ ಅಂಕ ಕೂಡಿಸುತ್ತಾರೆ. ಮೊತ್ತ ಯಾರದು ಕಡಿಮೆಯೋ ಅವರೇ ಗೆದ್ದ ಹಾಗೆ. ಹಾಗಾದರೆ ಒಂದು ತಂಡ ಪಡೆಯಬಹುದಾದ ಅತ್ಯುತ್ತಮ ಅಂಕ ಎಷ್ಟು? ಮಕ್ಕಳೇ, ನೀವೇ ಕೂಡಿಸಿ ನೋಡಿ, 15. ಒಬ್ಬಳೇ ಚಿನ್ನದಂಥ ಓಟಗಾರ್ತಿ ಇದ್ದರೆ ಸಾಲದು, ಐದನೆಯವಳೂ ಬೇಗ ಬರಬೇಕು. ಏಳರೊಳಗೆ ಬಾರದ ಮಕ್ಕಳಿಗೆ ಬೇರೆ ಓಟ ಇರುತ್ತದೆ.

ಅಭ್ಯಾಸದಲ್ಲಿ ಅವರವರ ವೇಗಕ್ಕೆ ತಕ್ಕಂತೆ ಗುಂಪು ಮಾಡುತ್ತಿದ್ದರು. ದೂರದ ಓಟದ ದಿನ ಕೋಚ್ ಹೇಳುತ್ತಿದ್ದದ್ದು ಒಂದೇ ಮಾತು: ಮಾತಾಡುತ್ತಾ ಓಡಲು ಆಗುವಷ್ಟು ನಿಧಾನವಾಗಿ ಓಡಿ. ಮಾತು ನಿಂತರೆ ವೇಗ ಹೆಚ್ಚಾಯಿತು ಎಂದು ಅರ್ಥ. ನೋಡಿ, ಕ್ಯಾಫೆಟೇರಿಯಾದಲ್ಲಿ ಬಾಯಿಬಿಡದ ಹುಡುಗಿ ಇಲ್ಲಿ ಮಾತಾಡಲೇಬೇಕಾಯಿತು!

ಅಕ್ಟೋಬರ್‌ನಲ್ಲಿ ಒಂದು ಸಂಜೆ ಓಟ ನೋಡಲು ನಾನೂ ಹೋದೆ, ಸೀರೆಯ ಮೇಲೆ ಸ್ವೆಟರು, ಅದರ ಮೇಲೆ ಅಳಿಯನ ಜಾಕೆಟ್ಟು. ಮೇಪಲ್ ಮರಗಳು ಕುಂಕುಮದ ಬಣ್ಣಕ್ಕೆ ತಿರುಗಿದ್ದವು. ಹುಡುಗಿಯರು ಗುಡ್ಡದ ಹಿಂದೆ ಮರೆಯಾಗಿ ಒಬ್ಬೊಬ್ಬರೇ ಬಂದು ಮುಟ್ಟಿದರು. ನಮ್ಮವಳ ಸುಳಿವಿಲ್ಲ. ಆಗ ಒಂದು ಸಂಗತಿ ಕಂಡೆ. ಆಗಲೇ ಓಟ ಮುಗಿಸಿದ್ದ ಅವಳ ತಂಡದ ಹುಡುಗಿಯರು ನೀರು ಕುಡಿದು, ಬಂದ ದಾರಿಯಲ್ಲೇ ವಾಪಸು ನಡೆದು ಗುಡ್ಡದ ಬುಡದಲ್ಲಿ ನಿಂತರು. ಇವಳು ಕಾಣಿಸಿದ ಕೂಡಲೇ ಹೆಸರು ಹಿಡಿದು ಕೂಗಿದ್ದೇ ಕೂಗಿದ್ದು. ಕನ್ನಡದ ಹೆಸರು, ಅವರ ಬಾಯಲ್ಲಿ ಸ್ವಲ್ಪ ಸೊಟ್ಟಗಾಗಿತ್ತು. ಕೊನೆಯಿಂದ ಮೂರನೆಯವಳಾಗಿ ಬಂದಳು. ಅವಳ ಮುಖದ ತುಂಬ ಕೆಸರು, ನಗು.

ಹುಡುಗಿಯರ ಇಂಥ ತಂಡಗಳು ಅಲ್ಲಿ ಮೊದಲಿನಿಂದಲೂ ಇದ್ದವೆಂದು ತಿಳಿಯಬೇಡಿ. ಸರ್ಕಾರದ ಹಣ ಪಡೆಯುವ ಶಾಲೆಗಳಲ್ಲಿ ಹೆಣ್ಣು ಗಂಡೆಂಬ ಭೇದ ಕೂಡದು ಎಂದು 1972ರಲ್ಲಿ 'ಟೈಟಲ್ ನೈನ್' ಎಂಬ ಕಾನೂನು ಬಂತು. ಅದಕ್ಕೆ ಮುಂಚೆ ಇಡೀ ದೇಶದಲ್ಲಿ ಹೈಸ್ಕೂಲಿನ ತಂಡಗಳಲ್ಲಿ ಆಡುತ್ತಿದ್ದ ಹುಡುಗಿಯರು ಸುಮಾರು 3 ಲಕ್ಷ. ಈಗ ಆ ಸಂಖ್ಯೆ 30 ಲಕ್ಷ ದಾಟಿದೆ.

ಓಟದ ಮರುವಾರ ಊಟದ ಡಬ್ಬಿ ಖಾಲಿಯಾಗಿ ಬಂತು. ಎರಡು ದಿನ ಕಳೆದು, "ಅಜ್ಜಿ, ಇನ್ನೆರಡು ಚಪಾತಿ ಜಾಸ್ತಿ ಹಾಕು. ಕಡಲೆಕಾಯಿ ಚಟ್ನಿಪುಡಿ ಮಾತ್ರ ಬೇಡ, ನಮ್ಮ ಮೇಜಲ್ಲಿ ಒಬ್ಬಳಿಗೆ ಕಡಲೆಕಾಯಿ ಆಗೋಲ್ಲ" ಎಂದಳು. 'ನಮ್ಮ ಮೇಜು' ಎಂದದ್ದನ್ನು ನಾನು ಕಿವಿಯಲ್ಲಿ ಕಟ್ಟಿಟ್ಟುಕೊಂಡೆ. ಇನ್ನೊಬ್ಬರಿಗೆ ಏನು ಆಗುವುದಿಲ್ಲ ಎಂದು ಗೊತ್ತಾಗಬೇಕಾದರೆ ಅವರ ಪಕ್ಕ ಕೂತು ಉಂಡಿರಬೇಕು.

ಅವಳ ಅಂಕಪಟ್ಟಿಯಲ್ಲಿ ಇದ್ಯಾವುದೂ ಇರಲಿಲ್ಲ. ಸೆಪ್ಟೆಂಬರ್‌ನಲ್ಲೂ ಗಣಿತದಲ್ಲಿ ಎ, ನವೆಂಬರ್‌ನಲ್ಲೂ ಎ. ಅಂಕ ನೋಡಿ ಮಗು ಉಂಡಿತೋ ಉಪವಾಸವಿತ್ತೋ ಹೇಳಲಾಗದು.

ಮಕ್ಕಳೇ, ನಿಮ್ಮ ಶಾಲೆಗೂ ನಡುವೆ ಯಾರಾದರೂ ಹೊಸಬರು ಬರುತ್ತಾರೆ. ಅಪ್ಪನಿಗೆ ಬ್ಯಾಂಕಿನಲ್ಲಿ ವರ್ಗವಾಗಿರಬಹುದು, ಅಮ್ಮ ಬೇರೆ ಊರಿನಿಂದ ಕೂಲಿಗೆ ಬಂದಿರಬಹುದು. ಮೇಷ್ಟ್ರು ಅವರಿಗೆ ಜಾಗ ತೋರಿಸುತ್ತಾರೆ. ಆದರೆ ಬಿಸಿಯೂಟದ ಸಾಲಿನಲ್ಲಿ "ಇಲ್ಲಿ ಬಾ" ಎನ್ನಬೇಕಾದವರು ನೀವು.

ಇನ್ನು ನನ್ನ ವಾರಿಗೆಯ ಅಜ್ಜ ಅಜ್ಜಿಯರಿಗೆ ಒಂದು ಮಾತು. ದೂರದಲ್ಲಿರುವ ಮೊಮ್ಮಕ್ಕಳು ಫೋನಿನಲ್ಲಿ ಸಿಕ್ಕಾಗ ನಾವು ಕೇಳುವುದು ಸಾಮಾನ್ಯವಾಗಿ ಮಾರ್ಕ್ಸು ಎಷ್ಟು ಬಂತು ಎಂದು. ಅವರು ಒಂದು ಸಂಖ್ಯೆ ಹೇಳುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ. ಈ ಭಾನುವಾರ ಊಟಕ್ಕೆ ಯಾರ ಜೊತೆ ಕೂರುತ್ತೀಯ ಎಂದು ಕೇಳಿ. ಉತ್ತರ ಬರುವುದು ಸ್ವಲ್ಪ ತಡವಾದರೆ ಫೋನ್ ಇಡಬೇಡಿ.