ಗ್ರಹಣ ನಿಂತಲ್ಲೇ ನಿಂತಿತು!



ನಿಮ್ಮ ಶಾಲೆಯ ಗಣಕಯಂತ್ರದ ಪರದೆಯನ್ನು ಹತ್ತಿರದಿಂದ ನೋಡಿದ್ದೀರಾ? ಅದರಲ್ಲಿ ಕಾಣುವ ಚಿತ್ರಗಳೆಲ್ಲ ಸಣ್ಣ ಸಣ್ಣ ಚುಕ್ಕೆಗಳಿಂದ ಆಗಿವೆ. ಅಡ್ಡಸಾಲಿನಲ್ಲಿ 1024, ಕಂಬಸಾಲಿನಲ್ಲಿ 768 ಚುಕ್ಕೆಗಳಿದ್ದರೆ ಒಟ್ಟು ಎಷ್ಟು? ಗುಣಿಸಿ ನೋಡಿ. 7,86,432 ಅಲ್ಲವೇ? ಚಿತ್ರ ಸರಾಗವಾಗಿ ಚಲಿಸಬೇಕಾದರೆ ಇಷ್ಟೂ ಚುಕ್ಕೆಗಳನ್ನು ಸೆಕೆಂಡಿಗೆ 60 ಸಲ ಬಿಡಿಸಬೇಕು. ಅಂದರೆ ಸೆಕೆಂಡಿಗೆ 4 ಕೋಟಿ 71 ಲಕ್ಷಕ್ಕೂ ಹೆಚ್ಚು ಚುಕ್ಕೆಗಳು! ಈ ಕೆಲಸಕ್ಕೆಂದೇ ಇರುವ ಭಾಗವೇ ಗ್ರಾಫಿಕ್ಸ್ ಕಾರ್ಡ್. ಅದನ್ನು ಕೊಳ್ಳುವಾಗ ನಾನು ಮಾಡಿದ ಒಂದು ತಪ್ಪನ್ನು ಇಂದು ನಿಮಗೆ ಹೇಳುತ್ತೇನೆ.

2019ರ ಡಿಸೆಂಬರ್ 26ರಂದು ಸೂರ್ಯಗ್ರಹಣವಿತ್ತು. ಮಂಗಳೂರು, ಕಾಸರಗೋಡುಗಳಲ್ಲಿ ಅದು ಬಳೆಯಂತೆ ಕಾಣುವ ಕಂಕಣ ಗ್ರಹಣ. ನಮ್ಮ ನಾಲವಾರದ ಕಡೆಗೆ ಪಾರ್ಶ್ವ ಗ್ರಹಣ. ಗ್ರಹಣವೆಂದರೆ ಊರಲ್ಲಿ ಹಲವರಿಗೆ ಭಯ. ಬಾಗಿಲು ಹಾಕಿಕೊಂಡು ಒಳಗೆ ಕೂಡುತ್ತಾರೆ. ಅದಕ್ಕೇ, ನಾಲವಾರದ ಹತ್ತಿರದ ಒಂದು ಶಾಲೆಯಲ್ಲಿ ಹಿಂದಿನ ದಿನವೇ ಮಕ್ಕಳನ್ನೂ ಪಾಲಕರನ್ನೂ ಕೂಡಿಸಿ, ಗ್ರಹಣ ಹೇಗೆ ಆಗುತ್ತದೆಂದು ಗಣಕಯಂತ್ರದಲ್ಲಿ ತೋರಿಸಲು ನಿರ್ಧರಿಸಿದೆವು. ಇದಕ್ಕೆ ಸ್ಟೆಲೇರಿಯಂ ಎಂಬ ಉಚಿತ ತಂತ್ರಾಂಶವಿದೆ. ಊರು, ದಿನ, ವೇಳೆ ತಿಳಿಸಿದರೆ ಅಲ್ಲಿನ ಆಕಾಶವನ್ನೇ ಪರದೆಗೆ ತರುತ್ತದೆ.

ಆ ಶಾಲೆಗೆ ದಾನವಾಗಿ ಬಂದ ಹಳೆಯ ಗಣಕಯಂತ್ರದಲ್ಲಿ ಲಿನಕ್ಸ್ ಇತ್ತು. ಆಕಾಶ ಚೆನ್ನಾಗಿ ಕಾಣಲೆಂದು ಒಂದು ಬೇರೆ ಗ್ರಾಫಿಕ್ಸ್ ಕಾರ್ಡ್ ತರಲು ನಾನೇ ಸಲಹೆ ಕೊಟ್ಟೆ. ಪಾಲಕರು ವಂತಿಗೆ ಕೂಡಿಸಿದರು. ಆಗ ತೊಗರಿ ರಾಶಿಯ ಸಮಯ. ಕೂಲಿಗೆ ಹೋಗಿ ಬಂದ ತಾಯಂದಿರು ಹತ್ತು, ಇಪ್ಪತ್ತು ರೂಪಾಯಿ ಕೊಟ್ಟಿದ್ದರು. ನಾನು ಪಟ್ಟಣಕ್ಕೆ ಹೋಗಿ, 'ಒಂದು ಜಿಬಿ' ಎಂದು ದೊಡ್ಡ ಅಕ್ಷರದಲ್ಲಿ ಬರೆದಿದ್ದ ಹಳೆಯ ಮಾದರಿಯ ಕಾರ್ಡೊಂದನ್ನು ಕೊಂಡು ತಂದೆ. ಸಂಖ್ಯೆ ದೊಡ್ಡದು, ಆದ್ದರಿಂದ ಕೆಲಸವೂ ದೊಡ್ಡದು ಎಂದುಕೊಂಡೆ!

ಕಾರ್ಡ್ ಜೋಡಿಸಿ ಸ್ಟೆಲೇರಿಯಂ ತೆರೆದರೆ ಚಂದ್ರ ನಿಂತುಬಿಟ್ಟ. ಸ್ವಲ್ಪ ಹೊತ್ತಿಗೆ ಒಮ್ಮೆಲೇ ಜಿಗಿದ. ಮತ್ತೆ ನಿಂತ. ಆರನೆಯ ತರಗತಿಯ ಹುಡುಗನೊಬ್ಬ, "ಸರ್, ಚಂದ್ರ ಯಾಕ ನಿಂತ್ ನಿಂತ್ ಹೊಂಟಾನ್ರಿ?" ಎಂದು ಕೇಳಿದ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಯಾಕೆ ಹೀಗಾಯಿತು? ನೋಡೋಣ ಬನ್ನಿ. ವಾಡಿ ಜಂಕ್ಷನ್ನಿನಲ್ಲಿ ತೆಲುಗು ಮಾತ್ರ ಬಲ್ಲ ಜಾಣ ಗೌಂಡಿಯೊಬ್ಬ ಇಳಿದನೆಂದು ತಿಳಿಯಿರಿ. ಮನೆ ಕಟ್ಟಿಸುವ ನಿಮಗೆ ಕನ್ನಡ ಮಾತ್ರ ಗೊತ್ತು. ನಡುವೆ ಒಬ್ಬ ದುಭಾಷಿ ಬೇಕಲ್ಲವೇ? ಗಣಕಯಂತ್ರಕ್ಕೂ ಕಾರ್ಡಿಗೂ ನಡುವೆ ಇರುವ ಅಂಥ ದುಭಾಷಿ ತಂತ್ರಾಂಶವನ್ನು 'ಡ್ರೈವರ್' ಎನ್ನುತ್ತಾರೆ. ಇವನು ಬಸ್ಸಿನ ಡ್ರೈವರ್ ಅಲ್ಲ! ದುಭಾಷಿ ಇಲ್ಲದಿದ್ದರೆ ಗೌಂಡಿ ಸುಮ್ಮನೆ ಕೂಡುತ್ತಾನೆ, ಮನೆಯವರೇ ಗೋಡೆ ಕಟ್ಟಬೇಕಾಗುತ್ತದೆ. ನಮ್ಮಲ್ಲಿ ಆದದ್ದೂ ಅದೇ. ಕಾರ್ಡಿನ ಕೆಲಸವನ್ನೆಲ್ಲ ಗಣಕಯಂತ್ರದ ಮುಖ್ಯ ಸಂಸ್ಕಾರಕವೇ ಮಾಡಲು ಹೋಗಿ ಏದುಸಿರು ಬಿಡುತ್ತಿತ್ತು. ಕಾರ್ಡ್ ತಯಾರಿಸಿದವರು ಅದರ ದುಭಾಷಿಯ ಗುಟ್ಟನ್ನು ಯಾರಿಗೂ ಹೇಳಿರಲಿಲ್ಲ. ಆ ಹಳೆಯ ಮಾದರಿಗೆ ಹೊಸ ಡ್ರೈವರ್ ಕೊಡುವುದನ್ನೂ ನಿಲ್ಲಿಸಿದ್ದರು.

ಲಿನಕ್ಸ್‌ಗೆ ಇದು ಹಳೆಯ ತೊಂದರೆ. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆ ಹುಟ್ಟಿತು. ಅದರಂತೆಯೇ ಕೆಲಸ ಮಾಡುವ, ಆದರೆ ಎಲ್ಲರೂ ಓದಿ ತಿದ್ದಬಹುದಾದ ವ್ಯವಸ್ಥೆ ಬೇಕೆಂದು 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಸಾರಿದರು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ ಲಿನಕ್ಸ್ ತಿರುಳನ್ನು ಬರೆದರು. ಆದರೆ ಕಾರ್ಡಿನ ಭಾಷೆ ತಿಳಿಯದೆ ಡ್ರೈವರ್ ಬರೆಯುವುದು ಹೇಗೆ? ಇಂಟೆಲ್ ಕಂಪನಿಯ ಇಂಜಿನಿಯರರು ತಮ್ಮ ಚಿಪ್ಪುಗಳಿಗೆ ಮುಕ್ತ ಡ್ರೈವರುಗಳನ್ನು ತಾವೇ ಬರೆದರು. ಎಎಂಡಿ 2007ರಿಂದ ತನ್ನ ಚಿಪ್ಪುಗಳ ವಿವರ ಪ್ರಕಟಿಸತೊಡಗಿತು. ಎನ್‌ವಿಡಿಯಾ ಕಾರ್ಡುಗಳು ಹೇಗೆ ವರ್ತಿಸುತ್ತವೆಂದು ಗಮನಿಸಿ ಗಮನಿಸಿಯೇ ಸ್ವಯಂಸೇವಕರು 'ನೂವೋ' ಎಂಬ ಡ್ರೈವರ್ ಕಟ್ಟಿದರು. 2022ರಲ್ಲಿ ಆ ಕಂಪನಿಯೂ ಹೊಸ ಕಾರ್ಡುಗಳ ಡ್ರೈವರಿನ ಒಂದು ಭಾಗವನ್ನು ಮುಕ್ತಗೊಳಿಸಿತು.

ದುಭಾಷಿಯ ಕಥೆ ಹೇಳಿ ಮುಗಿಸಿದಾಗ ಏಳನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು. "ಕಾರ್ಡ್ ತರೋದಕ್ಕಿಂತ ಮೊದ್ಲ ದುಭಾಷಿ ಅದಾನೋ ಇಲ್ಲೋ ನೋಡಿದ್ರೇನ್ರಿ ಸರ್?"

"ಇಲ್ಲವ್ವ, ನೋಡಲಿಲ್ಲ" ಎಂದೆ. ಎಂ.ಎಸ್ಸಿ. ಓದಿದ ನನಗೆ ಹೊಳೆಯದ ಪ್ರಶ್ನೆ ಅದು.

"ಮೊದಲಿನ ಕಾರ್ಡ್ ಹ್ಯಾಂಗ್ ಇತ್ರಿ?" ಎಂದು ಮತ್ತೆ ಕೇಳಿದಳು. ಆಗಲೇ ನನ್ನ ಇನ್ನೊಂದು ತಪ್ಪು ಗೊತ್ತಾದದ್ದು. ಗಣಕಯಂತ್ರದ ಮದರ್‌ಬೋರ್ಡಿನಲ್ಲೇ ಒಂದು ಗ್ರಾಫಿಕ್ಸ್ ಚಿಪ್ ಇತ್ತು. ಅದನ್ನು ನಾನು ಪರೀಕ್ಷಿಸಿಯೇ ಇರಲಿಲ್ಲ! ಕಾರ್ಡ್ ಕಿತ್ತು, ಪರದೆಯ ಕೇಬಲನ್ನು ಮದರ್‌ಬೋರ್ಡಿಗೆ ಚುಚ್ಚಿದೆವು. ಆ ಚಿಪ್ಪಿನ ಮುಕ್ತ ಡ್ರೈವರ್ ಲಿನಕ್ಸಿನೊಳಗೇ ಇತ್ತು. ಚಂದ್ರ ನಿಧಾನವಾಗಿ, ಎಲ್ಲಿಯೂ ನಿಲ್ಲದೆ ಸೂರ್ಯನ ಮುಂದೆ ಸರಿದ.

ಪಾಲಕರ ಮುಂದೆ ತಪ್ಪು ಒಪ್ಪಿಕೊಂಡು ಅವರ ಹಣವನ್ನು ಶಾಲೆಗೆ ನಾನೇ ತುಂಬಿಕೊಟ್ಟೆ. ಆ ಕಾರ್ಡ್ ಈಗಲೂ ನನ್ನ ವಿಜ್ಞಾನ ಪೆಟ್ಟಿಗೆಯಲ್ಲಿದೆ. ಹೋದ ಶಾಲೆಗಳಲ್ಲೆಲ್ಲ ತೋರಿಸುತ್ತೇನೆ.

ಮರುದಿನ ಬೆಳಿಗ್ಗೆ ಹಲವು ಪಾಲಕರು ಅಂಗಳಕ್ಕೆ ಬಂದರು. ಗ್ರಹಣ ಕನ್ನಡಕ ಹಾಕಿಕೊಂಡು ಸರದಿಯಲ್ಲಿ ನೋಡಿದರು. ಬೇವಿನ ಎಲೆಗಳ ಸಂದಿಯಿಂದ ಶಹಾಬಾದ್ ಕಲ್ಲಿನ ಹಾಸಿನ ಮೇಲೆ ಬಿದ್ದ ಬೆಳಕಿನ ಚುಕ್ಕೆಗಳೆಲ್ಲ ಕುಡುಗೋಲಿನ ಆಕಾರ ತಾಳಿದ್ದವು! ಅದೇ ಹೊತ್ತಿಗೆ ನಮ್ಮ ಜಿಲ್ಲೆಯ ಇನ್ನೊಂದು ಊರಿನಲ್ಲಿ, ಗುಣವಾಗುತ್ತದೆಂಬ ನಂಬಿಕೆಯಿಂದ ವಿಕಲಚೇತನ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತಿದ್ದರು ಎಂಬ ಸುದ್ದಿ ಬಂತು. ಅದನ್ನು ಓದಿ ಮನಸ್ಸು ಮರುಗಿತು. ಹಿಂದಿನ ದಿನ ಪರದೆಯ ಮೇಲೆ ಚಂದ್ರ ಚಲಿಸಿದ್ದು ಎಷ್ಟು ಒಳ್ಳೆಯದಾಯಿತು ಎನಿಸಿತು.

ನಿಮ್ಮ ಶಾಲೆಗೆ ಕಾರ್ಡ್ ತರುವುದಿದ್ದರೆ ಈ ಮೂರು ಮಾತು ನೆನಪಿಡಿ:

1. ಈಗಿರುವ ಚಿಪ್ ಸಾಕೇ ಎಂದು ಮೊದಲು ಪರೀಕ್ಷಿಸಿ.

2. ಪೆಟ್ಟಿಗೆಯ ಮೇಲಿನ ದೊಡ್ಡ ಸಂಖ್ಯೆಗೆ ಮರುಳಾಗಬೇಡಿ. ಪೂರ್ತಿ ಮಾದರಿ ಸಂಖ್ಯೆ ಬರೆದುಕೊಂಡು, ಅದಕ್ಕೆ ಮುಕ್ತ ಡ್ರೈವರ್ ಇದೆಯೇ ಎಂದು ವಿಚಾರಿಸಿ.

3. ಲಿನಕ್ಸ್ ಇರುವ ಪೆನ್ ಡ್ರೈವಿನಿಂದ ಗಣಕಯಂತ್ರವನ್ನು ಚಾಲೂ ಮಾಡಿ, ಕಾರ್ಡ್ ಕೆಲಸ ಮಾಡುವುದನ್ನು ಅಂಗಡಿಯಲ್ಲೇ ಕಣ್ಣಾರೆ ನೋಡಿ.

ಮಾಡಿ ನೋಡಿ: ಸ್ಟೆಲೇರಿಯಂನಲ್ಲಿ ಸುಮಾರು 17 ಡಿಗ್ರಿ ಉತ್ತರ ಅಕ್ಷಾಂಶ, 77 ಡಿಗ್ರಿ ಪೂರ್ವ ರೇಖಾಂಶ ಕೊಡಿ. ಅದು ನಾಲವಾರ. ದಿನಾಂಕ 2031ರ ಮೇ 21 ಇಡಿ. ಕೇರಳ, ತಮಿಳುನಾಡುಗಳಲ್ಲಿ ಅಂದು ಕಂಕಣ ಗ್ರಹಣ. ನಮ್ಮೂರಲ್ಲಿ ಸೂರ್ಯನ ಎಷ್ಟು ಭಾಗ ಮರೆಯಾಗುತ್ತದೆ? ಚಿತ್ರ ಬರೆದು ನಿಮ್ಮ ಗುರುಗಳಿಗೆ ತೋರಿಸಿ.